ಓದುಗರ ಪ್ರಶ್ನೆ, ನಮ್ಮ ಉತ್ತರ: ಕಚ್ಚಾದಾರಿಗೊಂದು ಹಗುರ ಕ್ಯಾಂಪರ್ ಟ್ರೇಲರ್

ಪ್ರಶ್ನೆ: ಕರಪತ್ರದಲ್ಲಿ ಕ್ಯಾಂಪರ್ ಟ್ರೇಲರ್ (ಟೆಂಟ್, ಅಡುಗೆ ಸಾಮಾನು ಹೊತ್ತು ಕಾರಿನ ಹಿಂದೆ ಬರುವ ಗಾಡಿ) ತೂಕ 650 ಕೆ.ಜಿ. ಎಂದಿದೆ. ನಮ್ಮ ಎಸ್‌ಯುವಿ 1,500 ಕೆ.ಜಿ. ಎಳೆಯುತ್ತದೆ. ಹೋಗುವವರು ಇಬ್ಬರೇ. ಕಣ್ಣುಮುಚ್ಚಿ ಕೊಳ್ಳಬಹುದಲ್ಲವೇ?

ಉತ್ತರ: ಕಣ್ಣು ತೆರೆದೇ ಕೊಳ್ಳಿ. ಆ 650 ಖಾಲಿ ಟ್ರೇಲರ್‌ನ ತೂಕ. ನೀವು ನೋಡಬೇಕಾದ್ದು ಚಾಸಿಗೆ, ಅಂದರೆ ಟ್ರೇಲರ್‌ನ ಉಕ್ಕಿನ ಚೌಕಟ್ಟಿಗೆ, ಬಡಿದಿರುವ ತಗಡಿನ ಮೇಲಿನ ಗರಿಷ್ಠ ಒಟ್ಟು ತೂಕ. ಅದು 950 ಎಂದಿದ್ದರೆ ಸಾಮಾನಿಗೆ ಉಳಿಯುವುದು 300 ಕೆ.ಜಿ. ಕೇಳಲು ಬಹಳ ಅನ್ನಿಸುತ್ತದೆ, ಕೂಡಿ ನೋಡಿ. ನೀರು 80 ಲೀಟರ್ ಎಂದರೆ 80 ಕೆ.ಜಿ. ಮೇಲಿನ ಟೆಂಟ್ 60, 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ 30, ತುಂಬಿದ ಸಣ್ಣ ಗ್ಯಾಸ್ ಸಿಲಿಂಡರ್ 10, ಫ್ರಿಜ್ 25, ಅಡುಗೆ ಸಾಮಾನು 35, ಇಪ್ಪತ್ತು ಲೀಟರಿನ ಎರಡು ಪೆಟ್ರೋಲ್ ಕ್ಯಾನ್ 38, ಹಗ್ಗ-ಜ್ಯಾಕ್-ಸಲಿಕೆ 30, ಬಟ್ಟೆ-ಹಾಸಿಗೆ 30, ದಿನಸಿ 40. ಒಟ್ಟು 378. ಹೊರಡುವ ಮೊದಲೇ 78 ಕೆ.ಜಿ. ಹೆಚ್ಚಾಯಿತು. ಮೂಗಿಗಿಂತ ಮೂಗುತಿ ಭಾರ ಆಗುವುದು ಹೀಗೆಯೇ. ಚಾಸಿ ಬಿರುಕು ಬಿಡುವುದೂ, ಆಕ್ಸಲ್ ಬಾಗುವುದೂ ಸಾಮಾನ್ಯವಾಗಿ ಇಂಥ ಟ್ರೇಲರ್‌ಗಳಲ್ಲೇ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ನಿಮ್ಮ ಸಾಮಾನಿನ ಪಟ್ಟಿ ಮಾಡಿ, ಪ್ರತಿಯೊಂದನ್ನೂ ತೂಗಿ ಬರೆದುಕೊಳ್ಳಿ. ಆ ಮೊತ್ತದ ಮೇಲೆ ಕನಿಷ್ಠ 50 ಕೆ.ಜಿ. ಉಳಿಯುವಂಥ ಟ್ರೇಲರ್ ಹುಡುಕಿ. ಲಿಥಿಯಂ ಬ್ಯಾಟರಿ ಹಾಕಿದರೆ 18 ಕೆ.ಜಿ.ಯಷ್ಟು ಉಳಿತಾಯ, ಟೆಂಟ್ ಬದಲಿಸಿದರೆ ಇನ್ನಷ್ಟು. ಮಾರುವವರು ಹೇಳುವ ಖಾಲಿ ತೂಕವನ್ನೂ ವೇಬ್ರಿಜ್ ಮೇಲೆ ನಿಲ್ಲಿಸಿಯೇ ನಂಬಬೇಕು. ಪಕ್ಕದ ನೆರಳುಬಟ್ಟೆ, ಎರಡನೇ ಸ್ಟೆಪ್ನಿ, ಜಾರುವ ಅಡುಗೆಮನೆ ಇವೆಲ್ಲ ‘ಹೆಚ್ಚುವರಿ’ ಪಟ್ಟಿಯಲ್ಲಿರುತ್ತವೆ, ತೂಕದ ಪಟ್ಟಿಯಲ್ಲಿರುವುದಿಲ್ಲ.

ಕಾರಿನ ಕಡೆಯ ಲೆಕ್ಕ ಬೇರೆಯೇ ಇದೆ. 1,500 ಎಂಬುದು ಬ್ರೇಕ್ ಇರುವ ಟ್ರೇಲರ್‌ಗೆ ಹೇಳಿದ್ದು. ಬ್ರೇಕ್ ಇಲ್ಲದ್ದಕ್ಕೆ ಬಹುತೇಕ ಕಾರುಗಳಲ್ಲಿ 750 ಅಥವಾ ಅದಕ್ಕೂ ಕಡಿಮೆ. ಯೂರೋಪ್, ಆಸ್ಟ್ರೇಲಿಯಾಗಳಲ್ಲಿ ಕಾನೂನೂ 750 ಕೆ.ಜಿ. ದಾಟಿದರೆ ಬ್ರೇಕ್ ಬೇಕೆನ್ನುತ್ತದೆ. ಕೈಪಿಡಿಯಲ್ಲಿ ಕಾರು ಮತ್ತು ಟ್ರೇಲರ್ ಎರಡೂ ಸೇರಿದ ಗರಿಷ್ಠ ತೂಕವೂ ಇರುತ್ತದೆ. ಕಾರು ತುಂಬಿದ್ದರೆ ಆ 1,500 ನಿಮಗೆ ಪೂರ್ತಿ ಸಿಗುವುದಿಲ್ಲ. ನಮ್ಮನ್ನು ಕೇಳಿದರೆ, 750ರ ಒಳಗಿದ್ದರೂ ಎಲೆಕ್ಟ್ರಿಕ್ ಬ್ರೇಕ್ ಇರುವುದನ್ನೇ ಕೊಳ್ಳಿ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಹಿಂದಿನಿಂದ ಕಾರನ್ನು ತಳ್ಳುವ ಟ್ರೇಲರ್‌ಗೆ ಕಾನೂನು ಗೊತ್ತಿಲ್ಲ.

ಪ್ರಶ್ನೆ: ಗಂಟೆಗೆ 80 ಕಿ.ಮೀ. ದಾಟಿದರೆ ನಮ್ಮ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. ಟೈರ್ ಬದಲಿಸಿದರೂ ಹೋಗಲಿಲ್ಲ. ಸ್ಟೆಪ್ನಿ ಮತ್ತು ಪೆಟ್ರೋಲ್ ಕ್ಯಾನ್‌ಗಳನ್ನು ಹಿಂಬದಿಯ ಕಂಬಿಗೆ ತೂಗುಹಾಕಿದ್ದೇವೆ.

ಉತ್ತರ: ಉತ್ತರವನ್ನು ನೀವೇ ಬರೆದಿದ್ದೀರಿ. ಟ್ರೇಲರನ್ನು ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರ್‌ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಇರಬೇಕು. 950 ಕೆ.ಜಿ.ಗೆ 95. ಕೊಂಡಿಯಿಂದ ಆಕ್ಸಲ್‌ಗೆ 3 ಮೀಟರ್, ಆಕ್ಸಲ್‌ನಿಂದ ಹಿಂದಿನ ಕಂಬಿಗೆ 1.8 ಮೀಟರ್ ಎಂದುಕೊಳ್ಳೋಣ. ಅಲ್ಲಿ 30 ಕೆ.ಜಿ. ಸ್ಟೆಪ್ನಿ ತೂಗುಹಾಕಿದರೆ ಕೊಂಡಿಯ ಭಾರ 30 × 1.8 ÷ 3, ಅಂದರೆ 18 ಕೆ.ಜಿ. ಇಳಿಯುತ್ತದೆ. ತುಂಬಿದ ಎರಡು ಕ್ಯಾನ್‌ಗಳಿಂದ ಇನ್ನೂ 23. ಉಳಿದದ್ದು 54, ಆರು ಪರ್ಸೆಂಟೂ ಇಲ್ಲ. ಏತದ ಮರದ ಹಾಗೆ ಹಿಂದೆ ಭಾರ ಹೆಚ್ಚಿದಷ್ಟೂ ಮುಂದೆ ಎದ್ದೇಳುತ್ತದೆ. ಅದರ ಮೇಲೆ, ಎರಡು ತುದಿಯಲ್ಲಿರುವ ಭಾರ ಒಮ್ಮೆ ತೂಗಾಡತೊಡಗಿದರೆ ಬೇಗ ನಿಲ್ಲುವುದಿಲ್ಲ.

ಸ್ಟೆಪ್ನಿ ಡ್ರಾಬಾರ್ (ಕೊಂಡಿಯನ್ನು ಚಾಸಿಗೆ ಸೇರಿಸುವ ಮುಂದಿನ ತೊಲೆ) ಮೇಲೆ ಅಥವಾ ಹೊಟ್ಟೆಯಡಿಗೆ ಬರಲಿ. ಕ್ಯಾನ್, ಬ್ಯಾಟರಿ, ನೀರಿನ ಟ್ಯಾಂಕ್ ಆಕ್ಸಲ್‌ಗೆ ಹತ್ತಿರ, ಸ್ವಲ್ಪ ಮುಂದೆ. ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಸಮತಟ್ಟು ನೆಲದಲ್ಲಿ ಟ್ರೇಲರ್ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿಗೆ ಸಿಕ್ಕಿಸಿದಾಗ ಕೊಂಡಿ ಇರುವ ಎತ್ತರಕ್ಕೇ ಮರದ ತುಂಡು ಕತ್ತರಿಸಿ ಯಂತ್ರದ ಮೇಲೆ ನಿಲ್ಲಿಸಿ, ಕೊಂಡಿಯನ್ನು ಅದರ ಮೇಲೆ ಇಳಿಸಿ. ನೀರಿನ ಟ್ಯಾಂಕ್ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ಅಳೆಯಿರಿ.

ದಾರಿಯಲ್ಲಿ ಅಲ್ಲಾಡಿದರೆ ಕಾರಿನ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುವಿ ಸರಿಮಾಡಲೂ ಹೋಗಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕಾರಿನೊಳಗಿರುವ ಅದರ ನಿಯಂತ್ರಕದಿಂದ ಟ್ರೇಲರ್ ಬ್ರೇಕ್ ಮಾತ್ರ ಕೈಯಿಂದ ಕೊಡಿ.

ಪ್ರಶ್ನೆ: ಲೀಫ್ ಸ್ಪ್ರಿಂಗೋ, ಇಂಡಿಪೆಂಡೆಂಟ್ ಸಸ್ಪೆನ್ಷನ್ನೋ?

ಉತ್ತರ: ಇಂಡಿಪೆಂಡೆಂಟ್‌ನಲ್ಲಿ ಒಂದು ಚಕ್ರ ಹಳ್ಳಕ್ಕಿಳಿದರೆ ಇನ್ನೊಂದಕ್ಕೆ ತಿಳಿಯುವುದಿಲ್ಲ, ನೆಲದಿಂದ ಎತ್ತರವೂ ಹೆಚ್ಚು. ಬುಷ್ (ಕೀಲಿನಲ್ಲಿರುವ ರಬ್ಬರ್ ತುಂಡು) ಸವೆದರೆ ಮಾತ್ರ ಚಕ್ರದ ಕೋನ ಕೆಟ್ಟು ಟೈರನ್ನು ಒಂದೇ ಅಂಚಿನಲ್ಲಿ ತಿಂದುಹಾಕುತ್ತದೆ. ಲೀಫ್ ಸ್ಪ್ರಿಂಗ್, ನಮ್ಮ ಗ್ಯಾರೇಜ್ ಭಾಷೆಯಲ್ಲಿ ಪಾಟಾ, ಒರಟು; ಆದರೆ ಮುರಿದರೂ ನಡೆಸಬಹುದು. ಆಕ್ಸಲ್ ಮತ್ತು ಚಾಸಿಯ ನಡುವೆ ಗಟ್ಟಿಮರದ ತುಂಡು ಕೊಟ್ಟು, ಆಕ್ಸಲ್ ಹಿಂದಕ್ಕೆ ಸರಿಯದಂತೆ ಸರಪಳಿಯಿಂದ ಮುಂದಕ್ಕೆ ಬಿಗಿದರೆ ಮುಂದಿನ ಊರಿನವರೆಗೆ ಮೆಲ್ಲಗೆ ತಲುಪಬಹುದು. ಒಂಟಿಯಾಗಿ ದೂರ ಹೋಗುವವರಿಗೆ ನಮ್ಮ ಮತ ಪಾಟಾಗೆ, ಜೊತೆಗೆ ಶಾಕ್ ಅಬ್ಸಾರ್ಬರ್ ಕಡ್ಡಾಯ.

ಇದಕ್ಕಿಂತ ದೊಡ್ಡ ತಪ್ಪೊಂದಿದೆ. ‘ಗಟ್ಟಿ ಇರಲಿ’ ಎಂದು 900 ಕೆ.ಜಿ. ಟ್ರೇಲರ್‌ಗೆ 1,500ರ ಸ್ಪ್ರಿಂಗ್ ಹಾಕಿಸುವುದು. ಆ ಸ್ಪ್ರಿಂಗ್ ಬಾಗುವುದೇ ಇಲ್ಲ. ಛಾವಣಿಯ ತಗಡಿನ ಶೀಟಿನ ಹಾಗೆ ಅಲೆಯಲೆಯಾಗಿರುವ ಮಣ್ಣುರಸ್ತೆಯ ಪ್ರತಿ ಏಟೂ ನೇರ ಮೇಲಕ್ಕೆ ಹೋಗುತ್ತದೆ: ಕಪಾಟಿನ ರಿವೆಟ್ ಹಾರುತ್ತದೆ, ವೆಲ್ಡಿಂಗ್ ಬಿಡುತ್ತದೆ, ಫ್ರಿಜ್‌ನೊಳಗಿನ ಡಬ್ಬಿಗಳು ಒಂದನ್ನೊಂದು ಉಜ್ಜಿ ತೂತು ಬೀಳುತ್ತವೆ. ಸ್ಪ್ರಿಂಗ್‌ನ ಅಳತೆ ತುಂಬಿದ ತೂಕಕ್ಕೆ ಹೊಂದಬೇಕು, ಆಸೆಗಲ್ಲ. ಹೊಸ ಟ್ರೇಲರ್‌ನ ಯು-ಬೋಲ್ಟ್‌ಗಳನ್ನು (ಆಕ್ಸಲನ್ನು ಸ್ಪ್ರಿಂಗ್‌ಗೆ ಬಿಗಿಯುವವು) ಮೊದಲ ಕೆಲವು ನೂರು ಕಿ.ಮೀ. ಆದಮೇಲೆ ಮತ್ತೆ ಬಿಗಿಮಾಡಿಸಿ. ಅವು ಸಡಿಲಾದರೆ ಸ್ಪ್ರಿಂಗ್ ಪಟ್ಟಿಗಳನ್ನು ಜೋಡಿಸುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಓರೆಯಾಗುತ್ತದೆ.

ಪ್ರಶ್ನೆ: ಹೊಳೆ ದಾಟಿದ ಮರುದಿನ ಚಕ್ರದ ಬೇರಿಂಗ್ ಕೂಗತೊಡಗಿತು. ಸೀಲ್ ಹೊಸದೇ. ನೀರು ಒಳಗೆ ಹೋದದ್ದು ಹೇಗೆ?

ಉತ್ತರ: ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಅದನ್ನು ಹೀರಿಕೊಂಡಿತು. ಗಂಟೆಗಟ್ಟಲೆ ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ, ಸೀಲ್‌ನ ತುಟಿಯ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಕಾರಣ ಅದೇ. ಹೊಳೆಯ ದಂಡೆಯಲ್ಲಿ ಅರ್ಧ ಗಂಟೆ ನಿಲ್ಲಿ. ಹಬ್ ಮೇಲೆ ಅಂಗೈ ಇಟ್ಟರೆ ಸುಡಬಾರದು. ಆಮೇಲೆ ಇಳಿಯಿರಿ.

ಬೇರಿಂಗ್ ಬದಲಿಸುವ ಕೆಲಸ ಮನೆಯಂಗಳದಲ್ಲೇ ಒಮ್ಮೆ ಕಲಿತಿರಬೇಕು. ಚಕ್ರ ಎತ್ತಿ, ಡಸ್ಟ್ ಕ್ಯಾಪ್, ಸ್ಪ್ಲಿಟ್ ಪಿನ್, ನಟ್ ತೆಗೆದು ಹಬ್ ಎಳೆಯಿರಿ. ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆದು ಒಣಗಿಸಿ. ಹಬ್‌ನೊಳಗೆ ಬೇರಿಂಗ್ ಉರುಳುವ ಉಕ್ಕಿನ ಬಳೆಯಲ್ಲಿ ಚುಕ್ಕೆಯೋ ನೀಲಿ ಕಲೆಯೋ ಇದ್ದರೆ ಬಳೆ, ಬೇರಿಂಗ್ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಗ್ರೀಸನ್ನು ಅಂಗೈಯಲ್ಲಿ ತೆಗೆದುಕೊಂಡು ಬೇರಿಂಗ್‌ನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ. ರೋಲರ್‌ಗಳ ಸಂದಿಯಿಂದ ಆಚೆ ಕಡೆ ಇಣುಕುವವರೆಗೆ. ಹೊಸ ಸೀಲ್ ಕೂರಿಸಿ. ಚಕ್ರ ತಿರುಗಿಸುತ್ತಲೇ ನಟ್ ಬಿಗಿಮಾಡಿ, ಹಿಡಿತ ಬಂದಮೇಲೆ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ತಿರುಗಿಸಿ. ಪಿನ್ನಿನ ತೂತು ಸೇರದಿದ್ದರೆ ನಟ್ಟನ್ನು ಹಿಂದಕ್ಕೆ ತಿರುಗಿಸಬೇಕೇ ಹೊರತು ಮುಂದಕ್ಕಲ್ಲ. ಹೆಚ್ಚು ಬಿಗಿಯಾದ ಬೇರಿಂಗ್ ಸುಟ್ಟುಹೋಗುವುದು ಸಡಿಲಾದದ್ದಕ್ಕಿಂತ ಬೇಗ.

ಗ್ರೀಸ್ ತುಂಬಿ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಒಂದು ಜೊತೆ ಬೇರಿಂಗ್, ಸೀಲ್, ಡಸ್ಟ್ ಕ್ಯಾಪ್, ನಾಲ್ಕು ಸ್ಪ್ಲಿಟ್ ಪಿನ್, ಅರ್ಧ ಕೆ.ಜಿ. ಗ್ರೀಸ್ ಸದಾ ಜೊತೆಗಿರಲಿ. ಕೊಳ್ಳುವಾಗಲೇ ಬೇರಿಂಗ್‌ನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಎಲ್ಲೆಡೆ ಸಿಗುವ ನಂಬರ್ ಅಲ್ಲದಿದ್ದರೆ ಆ ಟ್ರೇಲರ್ ಎಷ್ಟೇ ಚೆಂದವಿರಲಿ, ನಾವಾದರೆ ಬಿಡುತ್ತೇವೆ.

ಪ್ರಶ್ನೆ: ಇಡೀ ದಿನ ಓಡಿಸಿದರೂ ಟ್ರೇಲರ್‌ನ ಬ್ಯಾಟರಿ ತುಂಬುವುದಿಲ್ಲ, ರಾತ್ರಿ ಫ್ರಿಜ್ ನಿಲ್ಲುತ್ತದೆ. ಕಾರಿನಿಂದ ‘6 ಎಂ.ಎಂ.’ ವೈರ್ ಎಳೆದಿದ್ದೇವೆ.

ಉತ್ತರ: ವಾಹನಗಳಿಗೆ ಮಾರುವ ‘6 ಎಂ.ಎಂ.’ ವೈರ್ ಹಲವು ಕಡೆ ಹೊರಕವಚ ಸೇರಿದ ದಪ್ಪ. ಒಳಗಿನ ತಾಮ್ರ ಸುಮಾರು 4.6 ಚದರ ಮಿ.ಮೀ. ಅಷ್ಟೇ. ಹೋಗಿ ಬರಲು 14 ಮೀಟರ್ ತಂತಿಯಲ್ಲಿ 20 ಆಂಪಿಯರ್ ಹರಿದರೆ ಒಂದು ವೋಲ್ಟ್‌ಗೂ ತುಸು ಹೆಚ್ಚು ದಾರಿಯಲ್ಲೇ ಕಳೆಯುತ್ತದೆ. ಕಾರು 13.8 ಕೊಟ್ಟರೆ ಬ್ಯಾಟರಿಗೆ ತಲುಪುವುದು 12.7, ಅದರಿಂದ ಬ್ಯಾಟರಿ ತುಂಬುವುದಿಲ್ಲ. 13.5 ಚದರ ಮಿ.ಮೀ. ತಾಮ್ರ ಹಾಕಿದರೆ ನಷ್ಟ 0.4ಕ್ಕೆ ಇಳಿಯುತ್ತದೆ. ಈಚಿನ ಕಾರುಗಳ ಆಲ್ಟರ್ನೇಟರ್ (ಎಂಜಿನ್‌ನಿಂದ ವಿದ್ಯುತ್ ಮಾಡುವ ಯಂತ್ರ) ಇಂಧನ ಉಳಿಸಲು ವೋಲ್ಟೇಜ್ ಇಳಿಸುವುದರಿಂದ, ಟ್ರೇಲರ್ ಬ್ಯಾಟರಿಯ ಪಕ್ಕದಲ್ಲೇ ಬಂದ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಬೇಕು. ಲಿಥಿಯಂ ಆದರೆ ಅದಿಲ್ಲದೆ ಮಾಡಲೇಬೇಡಿ. ಫ್ಯೂಸ್ ಎರಡೂ ಬ್ಯಾಟರಿಗಳ ತುದಿಯಲ್ಲಿರಲಿ. ಕಾರಿನ ಕಡೆ ಮಾತ್ರ ಹಾಕಿದರೆ, ತಂತಿ ಉಜ್ಜಿ ಚಾಸಿಗೆ ತಗಲಿದಾಗ ಟ್ರೇಲರ್ ಬ್ಯಾಟರಿಯೇ ಬೆಂಕಿ ಹಚ್ಚುತ್ತದೆ.

ಪ್ರಶ್ನೆ: ಟ್ರೇಲರ್ ಚಕ್ರವೂ ಕಾರಿನದ್ದೂ ಒಂದೇ ಇರಬೇಕೇ?

ಉತ್ತರ: ಇರಬೇಕು. ಬೋಲ್ಟ್ ಸಂಖ್ಯೆ, ಬೋಲ್ಟ್ ವೃತ್ತದ ಅಳತೆ (ಟೊಯೋಟಾ ಹೈಲಕ್ಸ್‌ಗೆ 6 ಬೋಲ್ಟ್, 139.7 ಮಿ.ಮೀ.), ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕಿರುವ ಅಂತರ), ಟೈರ್ ಅಳತೆ ಎಲ್ಲವೂ. ಆಗ ಎರಡು ಸ್ಟೆಪ್ನಿ ಆರೂ ಚಕ್ರಗಳಿಗೆ ಆಗುತ್ತವೆ. ಎಡ-ಬಲ ಚಕ್ರಗಳ ಅಂತರವೂ ಒಂದೇ ಇದ್ದರೆ ಮರಳಿನಲ್ಲಿ ಟ್ರೇಲರ್ ಕಾರಿನ ಜಾಡಿನಲ್ಲೇ ಬರುತ್ತದೆ. ಗಾಳಿ ಮಾತ್ರ ಒಂದೇ ಬೇಡ; ಭಾರ ಕಡಿಮೆಯಿರುವ ಟ್ರೇಲರ್‌ಗೆ ಕಾರಿಗಿಂತ ಕಡಿಮೆ. ಮಣ್ಣುರಸ್ತೆಯಲ್ಲಿ 24ರ ಆಸುಪಾಸು, ಮರಳಲ್ಲಿ 15ರಿಂದ 18 ಪಿ.ಎಸ್.ಐ.ನಿಂದ ಶುರುಮಾಡಿ, ವೇಗ ತಗ್ಗಿಸಿ. ಡಾಂಬರು ಸಿಕ್ಕ ಕೂಡಲೇ ತುಂಬಿಸಿ.

ಪ್ರಶ್ನೆ: ಹಳೇ ಟ್ರೇಲರ್ ಒಂದು ಸಿಕ್ಕಿದೆ. ಏನೇನು ನೋಡಬೇಕು?

ಉತ್ತರ: ಹಾಸಿಗೆ, ಅಡುಗೆಮನೆ ಆಮೇಲೆ. ಮೊದಲು ಕೆಳಗೆ ಮಲಗಿ. ಡ್ರಾಬಾರ್ ಚಾಸಿಗೆ ಸೇರುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಬಿರುಕು ಹುಟ್ಟುವುದು ಅಲ್ಲೇ, ಅದರಲ್ಲೂ ಕೊಳವೆಯ ತಳಕ್ಕೆ ಅಡ್ಡಡ್ಡ ವೆಲ್ಡಿಂಗ್ ಮಾಡಿದ್ದರೆ. ಅಷ್ಟಗಲ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಉಗುರಿನಿಂದ ಕೆರೆದು ನೋಡಿ. ಬಣ್ಣದ ಮೇಲೆ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅಡಿಯಲ್ಲಿ ಬಿರುಕಿದೆ. ಒಂದು ಟೈರ್ ಒಳಅಂಚಿನಲ್ಲಿ ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿದೆ ಅಥವಾ ಬುಷ್ ಹೋಗಿದೆ. ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ, ತಿರುಗಿಸಿ ಕಿವಿಗೊಡಿ. ಕೊಂಡಿ 50 ಮಿ.ಮೀ. ಗುಂಡಿನದಾದರೆ ಒರಟು ದಾರಿಯಲ್ಲಿ ಕೋನ ಸಾಲದೆ ಕಳಚಿಕೊಳ್ಳಬಹುದು. ಎಲ್ಲ ದಿಕ್ಕಿಗೂ ತಿರುಗುವ ಪಿನ್ ಕೊಂಡಿ ಹಾಕಿಸುವ ಖರ್ಚನ್ನು ಚೌಕಾಸಿಯಲ್ಲೇ ಕಳೆಯಿರಿ.

ಧೂಳಿಗೆ ಎರಡು ಪರೀಕ್ಷೆ. ಬಾಗಿಲಿನ ರಬ್ಬರ್ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಿಡಿತವಿಲ್ಲ. ಕತ್ತಲಲ್ಲಿ ಒಳಗೆ ದೀಪ ಹಚ್ಚಿ ಮುಚ್ಚಿ, ಹೊರಗಿನಿಂದ ಬೆಳಕು ಸೋರುವ ಕಡೆ ಗುರುತು ಹಾಕಿ. ಓಡುವ ಟ್ರೇಲರ್‌ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಧೂಳು ಒಳಗೆ ಎಳೆಯಲ್ಪಡುವುದರಿಂದ, ಹಿಂಬಾಗಿಲಿನ ರಬ್ಬರಿಗೇ ಹೆಚ್ಚು ಗಮನ ಕೊಡಿ.

ಪ್ರಶ್ನೆ: ಹೊಸ ಕ್ಯಾನ್ವಾಸ್ ಟೆಂಟ್ ಮೊದಲ ಮಳೆಗೇ ಸೋರಿತು. ವಾಪಸ್ ಕೊಡಬೇಕೇ?

ಉತ್ತರ: ಈಗಲೇ ಬೇಡ. ಹತ್ತಿಯ ನೂಲು ನೆನೆದು ಉಬ್ಬಿದರೆ ಹೊಲಿಗೆಯ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಟೆಂಟ್ ಬಿಗಿಯಾಗಿ ಎತ್ತಿ, ಪೈಪಿನಿಂದ ಪೂರ್ತಿ ನೆನೆಸಿ, ಪೂರ್ತಿ ಒಣಗಿಸಿ. ಹೀಗೆ ಎರಡು-ಮೂರು ಸಲ. ಸೋಪು ಮಾತ್ರ ಮುಟ್ಟಿಸಬೇಡಿ, ನೀರು ತಡೆಯುವ ಲೇಪ ಹೋಗುತ್ತದೆ. ಆಮೇಲೂ ಅದೇ ಹೊಲಿಗೆಯಲ್ಲಿ ಹನಿ ಕಂಡರೆ ವಾಪಸ್ ಕೇಳಿ.