ಬೆಳಗಾವಿ ಹತ್ತಿರದ ಹಿಂಡಲಗಾದಲ್ಲಿರುವ ಅಪ್ಪನ ಮನೆ ಮಾರಬೇಕು, ಯಾವ ಏಜೆಂಟನನ್ನು ಹಿಡಿಯಲಿ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯ ಕಥೆಯೇ ಓದಿದಂತಾಯಿತು. ಅಪ್ಪ ಇಲ್ಲ, ಮನೆಗೆ ಬೀಗ, ಅಣ್ಣ ಪುಣೆಯಲ್ಲಿ, ನೀವು ಬೆಂಗಳೂರಿನಲ್ಲಿ, ಮೂವರು ಏಜೆಂಟರು ಮೂರು ಬೆಲೆ. ಹೆಚ್ಚು ಬೆಲೆ ಹೇಳಿದ ಊರಿನವನಿಗೆ ಕೊಡಲೋ, ರೇರಾ ನಂಬರ್ (ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ ನಂಬರ್) ಇರುವ, ಬೆಳಗಾವಿ ಪೇಟೆಯ ಟಿಳಕವಾಡಿಯ ಆಫೀಸಿಗೆ ಕೊಡಲೋ ಎಂದು ಕೇಳಿದ್ದೀರಿ. ನಮ್ಮದು ನಿಮ್ಮಲ್ಲಿಂದ ಸ್ವಲ್ಪವೇ ದೂರ, ಗಣೇಶಪುರದ ಕಡೆ.

ಅಪ್ಪ ಮಿಲಿಟರಿಯಿಂದ ನಿವೃತ್ತರಾಗಿ ಬಂದು ಕಟ್ಟಿಸಿದ ಮನೆ. ಆ ಭಾಗಕ್ಕೆ ಯಾಕೆ ಬೇಡಿಕೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕ್ಯಾಂಪ್, ಅಂದರೆ ಮಿಲಿಟರಿ ದಂಡುಪ್ರದೇಶ, ಪಕ್ಕದಲ್ಲೇ ಇದೆ, ಮಿಲಿಟರಿ ಆಸ್ಪತ್ರೆ, ಕ್ಯಾಂಟೀನು ಹತ್ತಿರ, ವೆಂಗುರ್ಲಾ ರಸ್ತೆಗೆ ಬೇಗ ಹತ್ತಬಹುದು, ಪಂಚಾಯತಿ ಹದ್ದಿಯಲ್ಲಿದ್ದರೂ ಪೇಟೆ ದೂರವಿಲ್ಲ. ನಿವೃತ್ತ ಸೈನಿಕರು ಅಲ್ಲೇ ಮನೆ ಹುಡುಕುತ್ತಾರೆ. ಅವ್ವ ನನ್ನ ಜೊತೆ ಧಾರವಾಡಕ್ಕೆ ಬಂದ ಮೇಲೆ ಮಾರುವುದೆಂದು ತೀರ್ಮಾನಿಸಿದೆವು. ತಮ್ಮ ದೂರ ಇದ್ದ, ತಂಗಿಗೆ ಚಿಕ್ಕ ಮಕ್ಕಳು. ಓಡಾಟವೆಲ್ಲ ನನ್ನ ಪಾಲಿಗೆ ಬಂತು.

ನಾನೂ ಹೆಚ್ಚು ಬೆಲೆ ಹೇಳಿದವನನ್ನೇ ಆರಿಸಿದೆ. ಬೇರೆಯವರು 65 ಲಕ್ಷದ ಆಸುಪಾಸು ಹೇಳಿದರೆ ಈತ 75 ಅಂದ. ಊರಿನ ಮನುಷ್ಯ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ವ್ಯವಹಾರ ಮಾಡುತ್ತಿದ್ದ, ಯಾವ ಓಣಿಯಲ್ಲಿ ಯಾರ ಮನೆ ಖಾಲಿ, ಯಾರ ಮಗನಿಗೆ ಸೈಟ್ ಬೇಕು ಎಲ್ಲ ಗೊತ್ತಿತ್ತು. ಬೀಗದ ಕೈ ಕೊಟ್ಟೆ. ಆಮೇಲೆ ತಿಂಗಳುಗಟ್ಟಲೆ ಫೋನಿನಲ್ಲಿ ಒಂದೇ ಮಾತು: ಗಿರಾಕಿ ಬಂದಿದ್ದರು, ಮನೆ ಹಳೆಯದಾಯಿತು ಅಂದರು, ಇನ್ನೊಬ್ಬರು ಬಂದಿದ್ದರು, ಬಾಗಿಲಿನ ದಿಕ್ಕು ಸರಿಯಿಲ್ಲ ಅಂದರು. ಬಂದವರು ಯಾರು, ಏನು ಕೇಳಿದರು ಎಂದು ನಾನು ಒಬ್ಬರನ್ನೂ ನೋಡಲಿಲ್ಲ, ಮಾತಾಡಿಸಲೂ ಇಲ್ಲ.

ನಾವು ಚೆನ್ನಾಗಿ ದಣಿದ ಮೇಲೆ ಆತ ಧಾರವಾಡಕ್ಕೇ ಬಂದ. "ಅಕ್ಕಾರ, ಮಾರ್ಕೆಟ್ ಬಿದ್ದೈತ್ರಿ. ನಿಮಗ ಐವತ್ತೆಂಟು ಕೈಗೆ ಬಂದ್ರ ಸಾಕಲ್ರಿ? ಮ್ಯಾಲೆ ಏನ ಬರತೈತಿ ಅದನ್ನ ನನಗ ಬಿಡ್ರಿ. ಕಮಿಷನ್ ಒಂದ ರೂಪಾಯಿ ಬ್ಯಾಡ. ಸಂಚಕಾರ ಪತ್ರ ನನ್ನ ಹೆಸರಿಗೇ ಮಾಡ್ರಿ, ಗಿರಾಕಿ ಕೂಡ ಗುದ್ದಾಡೂದು ನನಗಿರ್ಲಿ" ಅಂದ. ಅವ್ವ ನನ್ನ ಮುಖ ನೋಡಿದಳು. ಒಂದು ಲಕ್ಷದ ಚೆಕ್ ಮೇಜಿನ ಮೇಲಿತ್ತು. ಸಂಚಕಾರ ಪತ್ರಕ್ಕೆ, ಅಂದರೆ ಮುಂಗಡ ಪಡೆದು ಮಾರುತ್ತೇವೆಂದು ಬರೆದುಕೊಡುವ ಕರಾರಿಗೆ, ಸಹಿ ಮಾಡಿದೆವು.

ನಾನು ಕೆಟ್ಟ ಮನುಷ್ಯನನ್ನು ಆರಿಸಿದೆ ಎಂದು ನೀವು ಅಂದುಕೊಳ್ಳಬಹುದು. ಒಳ್ಳೆಯವನೇ ಆಗಿದ್ದರೂ ಆ ಕಾಗದ ನಮ್ಮನ್ನು ಅದೇ ಜಾಗಕ್ಕೆ ತಂದು ನಿಲ್ಲಿಸುತ್ತಿತ್ತು. ಆ ಕಾಗದವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮುಂದೆಯೂ ಅದು ಬರುತ್ತದೆ. ಅದರಲ್ಲಿ ಬರೆದುಕೊಟ್ಟವರು ನಾವು, ಬರೆಸಿಕೊಂಡವನು ಆತ. ಬೆಲೆ 58 ಲಕ್ಷ. ಅವಧಿ ಹನ್ನೊಂದು ತಿಂಗಳು. ನಡುವೆ ಒಂದು ಸಾಲು: ಖರೀದಿ ಪತ್ರವನ್ನು ತನ್ನ ಹೆಸರಿಗಾಗಲಿ, ತಾನು ಹೇಳಿದವರ ಹೆಸರಿಗಾಗಲಿ ಮಾಡಿಕೊಡತಕ್ಕದ್ದು. ಆ ಗಳಿಗೆಯವರೆಗೆ ಆತ ನಮ್ಮ ಪರವಾಗಿ ಮಾರಿಕೊಡುವವನು, ಬೆಲೆ ಏರಿದರೆ ಇಬ್ಬರಿಗೂ ಲಾಭ. ಸಹಿ ಬಿದ್ದ ಮೇಲೆ ಆತ ನಮ್ಮಿಂದ ಕೊಳ್ಳುವವನು. ನಮಗೆ ಎಷ್ಟು ಕಡಿಮೆ ಸಿಗುತ್ತದೋ ಆತನಿಗೆ ಅಷ್ಟು ಹೆಚ್ಚು. ಒಂದು ಲಕ್ಷ ಹಾಕಿ ಹನ್ನೊಂದು ತಿಂಗಳು ಇಡೀ ಮನೆಯನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡ. ಆ ಅವಧಿಯಲ್ಲಿ ನಾವು ಬೇರೆ ಯಾರಿಗೂ ಮಾರುವಂತಿಲ್ಲ, ಆತ ಮಾತ್ರ ಯಾರಿಗೆ ಬೇಕಾದರೂ ತೋರಿಸಬಹುದು.

ಹಿಂದಿನ ಓಣಿಯ ಹಿರಿಯರೊಬ್ಬರು, ಅಪ್ಪನ ಜೊತೆ ವಾಕಿಂಗ್ ಹೋಗುತ್ತಿದ್ದವರು, ಅವ್ವನಿಗೆ ಫೋನ್ ಮಾಡಿದ್ದು ಇದಾದ ಮೇಲೆ. "ಅವ್ವಾರ, ಮಗಳಿಗೆ ಅಂತ ನಿಮ್ಮ ಮನಿ ಕೇಳಿದ್ನಿ. ಎಪ್ಪತ್ನಾಕಕ್ಕ ಒಂದ ಪೈಸೆ ಕಡಿಮಿ ಇಲ್ಲ, ಮಾಲಕರು ಯಾರ ಕೂಡಾನೂ ಮಾತಾಡೂದಿಲ್ಲ ಅಂದ ಆ ಏಜೆಂಟ. ಖರೇನ ಏನ್ರಿ?" ಎಂದು ಕೇಳಿದರು. ಮಾರ್ಕೆಟ್ ಬಿದ್ದಿರಲೇ ಇಲ್ಲ.

ಬೆಳಗಾವಿಯಲ್ಲಿ ವಕೀಲರ ಬಳಿ ಹೋದೆ. ಅವರು ಹೇಳಿದ್ದನ್ನು ನೀವೂ ತಿಳಿದುಕೊಳ್ಳಿ. ಭಾರತೀಯ ಕರಾರು ಕಾಯ್ದೆ, ಅಂದರೆ 1872ರ ಕಾನೂನಿನಲ್ಲಿ, ಏಜೆಂಟ ಮಾಲಕರಿಗೆ ಗೊತ್ತಿಲ್ಲದೆ ಆ ವ್ಯವಹಾರವನ್ನು ತನ್ನ ಸ್ವಂತಕ್ಕೆ ಮಾಡಿಕೊಂಡರೆ ಅದರಿಂದ ಬಂದ ಲಾಭವನ್ನು ಮಾಲಕರು ಕೇಳಬಹುದು ಎಂದು 216ನೇ ಕಲಮಿನಲ್ಲಿ ಇದೆ. ಕೇಳಿ ನನಗೆ ಜೀವ ಬಂತು. "ಆತ ನಿಮ್ಮ ಏಜೆಂಟ ಅಂತ ಬರೆದ ಚೀಟಿ ಐತೇನ್ರಿ?" ಅಂದರು. ಇರಲಿಲ್ಲ. ಇದ್ದದ್ದು ಒಂದೇ ಕಾಗದ, ಅದರಲ್ಲಿ ಆತ ಖರೀದಿದಾರ. ಗೊತ್ತಿಲ್ಲದೆ ಮಾಡಿದ ಎನ್ನಲು ನಮ್ಮ ಸಹಿಯೇ ಅಡ್ಡ.

ಕೊಡುವುದಿಲ್ಲ ಎಂದು ಕೂತರೆ ಏನಾಗುತ್ತದೆ ಎಂದೂ ಕೇಳಿದೆ. ಖರೀದಿ ಪತ್ರ ಮಾಡಿಕೊಡಲೇಬೇಕು ಎಂದು ಆತ ದಾವೆ ಹಾಕಬಹುದು, ಅದಕ್ಕೆ ಮೂರು ವರ್ಷ ಕಾಲಾವಕಾಶವಿದೆ. ಮೊದಲು ಅಂಥ ಆದೇಶ ಕೊಡುವುದು ಬಿಡುವುದು ಬಹಳ ಮಟ್ಟಿಗೆ ನ್ಯಾಯಾಲಯದ ವಿವೇಚನೆಗೆ ಸೇರಿತ್ತು. ಇದಕ್ಕೆ ಸಂಬಂಧಿಸಿದ ನಿರ್ದಿಷ್ಟ ಪರಿಹಾರ ಕಾಯ್ದೆಗೆ (ಸ್ಪೆಸಿಫಿಕ್ ರಿಲೀಫ್ ಆಕ್ಟ್) 2018ರಲ್ಲಿ ಆದ ತಿದ್ದುಪಡಿಯ ನಂತರ ಕೊಂಡವನ ಕೈ ಗಟ್ಟಿಯಾಗಿದೆ. ಗೆಲ್ಲುವುದು ಸೋಲುವುದು ಆಮೇಲಿನ ಮಾತು. ದಾವೆ ನಡೆಯುತ್ತಿರುವ ಮನೆಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಯಾವ ಸಂಸಾರಸ್ಥರೂ ಹತ್ತಿರ ಬರುವುದಿಲ್ಲ. ಅವ್ವನ ವಯಸ್ಸಿಗೆ ಕೋರ್ಟಿನ ಮೆಟ್ಟಿಲು ಬೇಡ ಎಂದು ಮೂವರೂ ಮಕ್ಕಳು ಒಪ್ಪಿಕೊಂಡೆವು. ಆತ ಕರೆತಂದವರಿಗೇ 58ಕ್ಕೆ ಬರೆದುಕೊಟ್ಟೆವು. ಅವರು ತಮ್ಮ ಕೈಯಿಂದ ಒಟ್ಟು 72 ಹೋಯಿತು ಎಂದು ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ಸಹಜವಾಗಿ ಹೇಳಿದರು. ಅವರದೇನೂ ತಪ್ಪಿರಲಿಲ್ಲ. 72ರ ಮೇಲೆ ಶೇಕಡಾ 2 ಕಮಿಷನ್ ಕೊಟ್ಟಿದ್ದರೂ 1 ಲಕ್ಷ 44 ಸಾವಿರ ಆಗುತ್ತಿತ್ತು. ನಾವು ಕೊಟ್ಟದ್ದು 14 ಲಕ್ಷ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೂವರಲ್ಲಿ ಯಾರು ಎಂಬುದು ಎರಡನೆಯ ಮಾತು. ಯಾರೇ ಆಗಲಿ, ಮೊದಲು ಒಂದು ಪುಟದ ಕಾಗದಕ್ಕೆ ಆತನ ಸಹಿ ಬೀಳಬೇಕು. ಈತ ನಮ್ಮ ಪರವಾಗಿ ಮಾರಿಕೊಡುವ ಏಜೆಂಟ. ಅವಧಿ ಮೂರು ತಿಂಗಳು, ಅಷ್ಟು ದಿನ ಬೇರೆ ಏಜೆಂಟರಿಗೆ ಕೊಡುವುದಿಲ್ಲ. ಕಮಿಷನ್ ಖರೀದಿ ಪತ್ರದಲ್ಲಿ ಬರೆದ ಬೆಲೆಯ ಮೇಲೆ ಇಷ್ಟು, ನೋಂದಣಿಯಾದ ದಿನ ಬ್ಯಾಂಕಿನ ಮೂಲಕವೇ. ತನ್ನ ಹೆಸರಿಗಾಗಲಿ, ಮನೆಯವರ ಅಥವಾ ಪಾಲುದಾರರ ಹೆಸರಿಗಾಗಲಿ ಸಂಚಕಾರ ಮಾಡಿಸಿಕೊಳ್ಳುವುದಿಲ್ಲ. ಮನೆ ನೋಡಿದ ಪ್ರತಿಯೊಬ್ಬರ ಹೆಸರು, ಫೋನ್ ನಂಬರ್ ನಮಗೆ ತಿಳಿಸುತ್ತಾನೆ. ಇಷ್ಟು ಸಾಕು. ಇದನ್ನು ಓದಿ "ನಮ್ಮ ಕಡೆ ಹಿಂಗೆಲ್ಲ ಬರಿಯೂದಿಲ್ರಿ" ಅಂದವನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಹೆಚ್ಚು ಬೆಲೆ ಹೇಳಿದವನ ಮಾತಿಗೆ ಬೆಲೆ ಕೊಡಬೇಡಿ. ಮನೆ ತನ್ನ ಕೈಗೆ ಬರಲೆಂದು ಹೇಳುವ ಬೆಲೆ ಅದು, ಇಳಿಸುವ ಕೆಲಸ ಆಮೇಲೆ ಶುರುವಾಗುತ್ತದೆ. ಸರ್ಕಾರದ ಮಾರ್ಗಸೂಚಿ ದರವೂ ನಿಜವಾದ ಬೆಲೆ ಹೇಳುವುದಿಲ್ಲ, ಅದು ಶುಲ್ಕ ಲೆಕ್ಕ ಹಾಕಲು ಇರುವ ಕನಿಷ್ಠ. ನಿಮ್ಮ ಓಣಿಯಲ್ಲಿ ಇತ್ತೀಚೆಗೆ ಮನೆ ಕೊಂಡವರನ್ನು ಕೇಳಿ, ಬ್ಯಾಂಕುಗಳಿಗೆ ಮೌಲ್ಯಮಾಪನ ಮಾಡುವ ಎಂಜಿನಿಯರರಿಗೆ ಶುಲ್ಕ ಕೊಟ್ಟು ವರದಿ ಬರೆಸಿಕೊಳ್ಳಿ. ಏಜೆಂಟನ ಬಗ್ಗೆ ವಿಚಾರಿಸುವಾಗ ಆತನಿಂದ ಮನೆ ಕೊಂಡವರ ಹತ್ತಿರ ಹೋಗಬೇಡಿ, ಆತನ ಮೂಲಕ ಮನೆ ಮಾರಿದವರ ಹತ್ತಿರ ಹೋಗಿ. ನಾನು ಹೀಗೆ ಕೇಳಿದ್ದರೆ ಎರಡು ಓಣಿಗಳಾಚೆ ಇದೇ ಕಥೆಯ ಮನೆ ಸಿಗುತ್ತಿತ್ತು.

ರೇರಾ ನಂಬರ್ ವಿಷಯ. 2016ರ ಆ ಕಾಯ್ದೆಯಲ್ಲಿ ನೋಂದಾಯಿತ ಲೇಔಟ್, ಅಪಾರ್ಟ್‌ಮೆಂಟ್ ಯೋಜನೆಗಳನ್ನು ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ. ನಿಮ್ಮ ಅಪ್ಪನ ಹಳೆಯ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ನಂಬರ್ ಇದ್ದರೆ ಆ ಮನುಷ್ಯ ಬಹಿರಂಗವಾಗಿ ವ್ಯಾಪಾರ ಮಾಡುತ್ತಾನೆ ಎಂದು ತಿಳಿಯಬಹುದು, ಅದಕ್ಕಿಂತ ಹೆಚ್ಚಿನ ರಕ್ಷಣೆ ನಿಮಗೆ ಸಿಗುವುದಿಲ್ಲ.

ಇಷ್ಟಾದರೂ ನಾನು ಊರಿನ ಏಜೆಂಟನ ಪರ. ಹಿಂಡಲಗಾ, ಗಣೇಶಪುರ, ಬೆನಕನಹಳ್ಳಿ ಕಡೆಯ ಮನೆಗಳು ಬೋರ್ಡ್ ನೋಡಿ ಮಾರಾಟವಾಗುವುದಿಲ್ಲ, ಬಾಯಿಂದ ಬಾಯಿಗೆ ಹೋಗುತ್ತವೆ. ಕೊಳ್ಳುವವರು ಬಹುಪಾಲು ಅಕ್ಕಪಕ್ಕದ ಓಣಿಯಲ್ಲೇ ಇರುತ್ತಾರೆ. ಟಿಳಕವಾಡಿಯ ಆಫೀಸಿನವರು ಕೊನೆಗೆ ಫೋನ್ ಮಾಡುವುದೂ ಅದೇ ಊರಿನವನಿಗೆ, ಕಮಿಷನ್ ಇಬ್ಬರ ನಡುವೆ ಹರಿದು ಹಂಚಿಹೋಗುತ್ತದೆ. ಆದರೆ ಚೌಕಾಸಿಯನ್ನು ಮಾತ್ರ ನೀವೇ ಮಾಡಿ. ಶೇಕಡಾ 2ರ ಲೆಕ್ಕದಲ್ಲಿ ನಿಮಗೆ ಒಂದು ಲಕ್ಷ ಹೆಚ್ಚು ಬಂದರೆ ಆತನಿಗೆ ಬರುವುದು ಎರಡು ಸಾವಿರ. ಎರಡು ಸಾವಿರಕ್ಕಾಗಿ ಆತ ಕೈಗೆ ಬಂದ ಗಿರಾಕಿಯನ್ನು ಕಳೆದುಕೊಳ್ಳುವುದಿಲ್ಲ. ಜನರನ್ನು ಕರೆತರುವುದು ಆತನ ಕೆಲಸ, ಬೆಲೆ ಮಾತಾಡುವುದು ನಿಮ್ಮದು. ಕೊಳ್ಳುವವರ ಮುಖ ನೋಡದೆ ಮುಂಗಡ ಮುಟ್ಟಬೇಡಿ. ಸ್ವಲ್ಪ ನಗದಾಗಿ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಪಡೆದವರಿಗೇ ಅಷ್ಟು ಮೊತ್ತದ ದಂಡ ಬೀಳುತ್ತದೆ.

ಇವೆಲ್ಲಕ್ಕೂ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ. ಮನೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ ಎಂದು ಬರೆದಿದ್ದೀರಿ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣ ಪತ್ರದ ಜೊತೆ ಪಂಚಾಯತಿಗೆ ಕೊಟ್ಟು ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ, ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ಎಲ್ಲರ ಹೆಸರು ಬರಲಿ. ಹಳೆಯ ಖರೀದಿ ಪತ್ರದಲ್ಲಿರುವ ಸರ್ವೆ ನಂಬರ್, ಪ್ಲಾಟ್ ನಂಬರ್, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಪಂಚಾಯತಿ ಉತಾರಕ್ಕೆ, ಅಂದರೆ ಅಲ್ಲಿನ ಆಸ್ತಿ ದಾಖಲೆಯ ಪ್ರತಿಗೆ, ಹೊಂದುತ್ತವೆಯೇ ನೋಡಿ. ನಮ್ಮದರಲ್ಲಿ ಅಳತೆ ಹೊಂದಿರಲಿಲ್ಲ, ಅದನ್ನೇ ತೋರಿಸಿ ತೋರಿಸಿ ಆತ ಬೆಲೆ ಇಳಿಸಿದ್ದ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಋಣಭಾರ ಪತ್ರ (ಇ.ಸಿ.) ನೀವೇ ತೆಗೆಸಿ. ಏಜೆಂಟನ ಕೈಗೆ ಝೆರಾಕ್ಸ್ ಮಾತ್ರ.

ನೀವಿಬ್ಬರೂ ಬರುವುದು ಕಷ್ಟವೆಂದು ಏಜೆಂಟ ತನ್ನ ಹೆಸರಿಗೆ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೇಳಿದ್ದಾನೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಕೊಡಬೇಡಿ. ಅದು ನಾನು ಸಹಿ ಮಾಡಿದ ಕಾಗದಕ್ಕಿಂತ ದೊಡ್ಡ ಕಾಗದ. ಅಣ್ಣನಿಗೆ ಬರಲು ಆಗದಿದ್ದರೆ ಅವರು ನಿಮ್ಮ ಹೆಸರಿಗೆ ಬರೆದು ನೋಂದಾಯಿಸಲಿ. ಒಡಹುಟ್ಟಿದವರಿಗೆ ಕೊಟ್ಟರೆ ಮುದ್ರಾಂಕ ಶುಲ್ಕ ಕಡಿಮೆ, ಹೊರಗಿನವರಿಗೆ ಮಾರಾಟದ ಅಧಿಕಾರ ಕೊಟ್ಟರೆ ಬಹಳ ಹೆಚ್ಚು.

ಮದುವೆಯಾಗಿ ಕೊಲ್ಹಾಪುರದಲ್ಲಿರುವ ನಿಮ್ಮ ಅಕ್ಕನ ಬಗ್ಗೆ ಒಂದೇ ಪದದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಮನೆ, ಮೃತ್ಯುಪತ್ರ (ಉಯಿಲು) ಇಲ್ಲ ಅಂದರೆ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಎಲ್ಲರಿಗೂ ಸಮಪಾಲು. ವಂಶವೃಕ್ಷದಲ್ಲಿ ಅವರ ಹೆಸರು ಇರಲೇಬೇಕು, ಖರೀದಿ ಪತ್ರದಲ್ಲಿ ಅವರ ಸಹಿ ಇರಲೇಬೇಕು. ಏಜೆಂಟನಿಗೆ ಉತ್ತರ ಕೊಡುವ ಮೊದಲು ಅವರಿಗೆ ಫೋನ್ ಮಾಡಿ, ಅವರು ಯಾವ ಬೆಲೆಗೆ ಒಪ್ಪುತ್ತಾರೆ ಎಂದು ಕೇಳಿ.