ಕೊಲೆಗಾರ ಯಾರೆಂದು ಮೊದಲು ನೀವು ತಿಳಿದಿರಿ

ಪ್ರಶ್ನೆ: ಎಂಟು ಜನ ಗೆಳೆಯರಿಗೆ ಮನೆಯಲ್ಲೇ ಮರ್ಡರ್ ಮಿಸ್ಟರಿ ಆಟ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಸುಳಿವು ಹಿಡಿದು ಕೊಲೆಗಾರನನ್ನು ಪತ್ತೆ ಹಚ್ಚುವ ಆಟ) ಬರೆದು ಆಡಿಸಬೇಕೆಂದಿದ್ದೇನೆ. ಪಾತ್ರಗಳ ಪಟ್ಟಿ ಆಗಿದೆ, ಮುಂದೆ ಹೋಗುತ್ತಿಲ್ಲ.

ಉತ್ತರ: ಪಟ್ಟಿ ಬದಿಗಿಡಿ. ಯಾರು, ಯಾಕೆ, ಯಾವುದರಿಂದ, ಎಷ್ಟು ಗಂಟೆಗೆ ಕೊಂದರು ಎಂದು ಒಂದೇ ಪುಟದಲ್ಲಿ ಬರೆಯಿರಿ. ಸಕಲೇಶಪುರದ ಕಡೆಯ ಕಾಫಿ ಎಸ್ಟೇಟ್ ಒಂದನ್ನು ಕಲ್ಪಿಸಿಕೊಳ್ಳಿ. ಕೆಲಸಕ್ಕೇ ಬಾರದ ಆಳುಗಳ ಹೆಸರನ್ನು ಚೆಕ್‌ರೋಲ್‌ಗೆ (ಆಳುಗಳ ಹಾಜರಿ, ಸಂಬಳದ ಪುಸ್ತಕ) ಸೇರಿಸಿ ರೈಟರ್, ಅಂದರೆ ಎಸ್ಟೇಟಿನ ಗುಮಾಸ್ತ, ಸಂಬಳ ನುಂಗುತ್ತಿದ್ದಾನೆ. ಎಸ್ಟೇಟಿನ ಒಡೆಯರಾದ ಸಾಹುಕಾರರಿಗೆ ಅದು ತಿಳಿದಿದೆ. ರಾತ್ರಿ 8.15ಕ್ಕೆ ಕಾಫಿ ಒಣಗಿಸುವ ಕಣದ ಪಕ್ಕದ ಗೋಡೌನಿನಲ್ಲಿ ಅವರನ್ನು ಕೊಲ್ಲುತ್ತಾನೆ.

ಈಗ ದೊಡ್ಡ ಹಾಳೆಯಲ್ಲಿ ಚೌಕಗಳನ್ನು ಗೀಚಿ. ಅಡ್ಡಕ್ಕೆ ಎಂಟು ಪಾತ್ರ, ಉದ್ದಕ್ಕೆ 7ರಿಂದ 9 ಗಂಟೆಯವರೆಗೆ ಕಾಲು ಗಂಟೆಗೊಂದು ಸಾಲು. ಆ ಹೊತ್ತಿಗೆ ಯಾರು ಎಲ್ಲಿದ್ದರು, ಯಾರನ್ನು ಕಂಡರು ಎಂದು ತುಂಬಿಸಿ. 7.45ಕ್ಕೆ ಅಳಿಯ ಅಡುಗೆಯವನನ್ನು ಕಂಡಿದ್ದರೆ ಅಡುಗೆಯವನ ಚೌಕದಲ್ಲೂ ಅಳಿಯ ಇರಲೇಬೇಕು. ಆಟ ಕೆಡುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಮರೆವನ್ನು ಆಡುವವರು ಅಳಿಯನ ಸುಳ್ಳೆಂದು ತಿಳಿದು ಇಡೀ ಸಂಜೆ ಅವನ ಬೆನ್ನು ಹತ್ತುತ್ತಾರೆ.

ಮುಖ್ಯ ಸತ್ಯ ಒಂದೊಂದಕ್ಕೂ ಮೂರು ಸುಳಿವು ಬೇಕು. ಒಂದನ್ನು ಯಾರೂ ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಉಳಿಸುತ್ತದೆ. ‘ರೈಟರ್ 8.15ಕ್ಕೆ ಕ್ವಾರ್ಟರ್ಸ್‌ನಲ್ಲಿರಲಿಲ್ಲ’ ಎಂಬುದಕ್ಕೆ: ಆಗ ಟಿವಿ ವಾರ್ತೆ ನೋಡುತ್ತಿದ್ದೆ ಎನ್ನುತ್ತಾನೆ, ಆದರೆ 8.10ರಿಂದ 8.25ರವರೆಗೆ ಕರೆಂಟ್ ಇರಲಿಲ್ಲವೆಂದು ಅಡುಗೆಯವನ ಚೀಟಿಯಲ್ಲಿದೆ. ಕಣದ ಕಡೆ ಟಾರ್ಚ್ ಬೆಳಕು ಹೋದದ್ದನ್ನು ಸಾಹುಕಾರರ ತಂಗಿ ಕಂಡಿದ್ದಾಳೆ. ಆ ಹೊತ್ತಿಗೆ ರೈಟರ್‌ನ ಬಾಗಿಲು ಬಡಿದ ಆಳುಗಳ ಮೇಸ್ತ್ರಿಗೆ ಉತ್ತರ ಬರಲಿಲ್ಲ. ಕ್ವಾರ್ಟರ್ಸ್‌ನಲ್ಲಿ ಇನ್ವರ್ಟರ್ ಇಲ್ಲವೆಂಬುದನ್ನೂ ಎಲ್ಲಾದರೂ ಬರೆದಿಡಿ. ಇಲ್ಲದಿದ್ದರೆ ಟಿವಿ ಓಡುತ್ತಿತ್ತು ಎಂದು ಅವನು ಸುಲಭವಾಗಿ ಜಾರಿಕೊಳ್ಳುತ್ತಾನೆ.

ಉಳಿದ ಏಳು ಮಂದಿಗೂ ಒಂದೊಂದು ಗುಟ್ಟು ಕೊಡಿ: ತೀರಿಸದ ಸಾಲ, ಕದ್ದು ಮಾರಿದ ಮೆಣಸು. ಗುಟ್ಟಿಲ್ಲದವನಿಗೆ ಆಟದಲ್ಲಿ ಕೆಲಸವೇ ಇರುವುದಿಲ್ಲ, ಮೊಬೈಲ್ ತೆಗೆಯುತ್ತಾನೆ.

ಪ್ರಶ್ನೆ: ಕ್ಲೂಡೋ ಎಂಬ ಬೋರ್ಡ್ ಆಟದಲ್ಲಿರುವಂತೆ ಕೊಲೆಗಾರನನ್ನು ಚೀಟಿ ಎತ್ತಿ ಆರಿಸಬಹುದೇ?

ಉತ್ತರ: ಬೇಡ. 1949ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಆ ಆಟದಲ್ಲಿ 6 ಶಂಕಿತರು, 6 ಆಯುಧ, 9 ಕೋಣೆ. ಒಟ್ಟು 324 ಸಾಧ್ಯತೆ. ಕೈಯಲ್ಲಿರುವ ಕಾರ್ಡುಗಳಿಂದ ಒಂದೊಂದನ್ನೇ ತೆಗೆದುಹಾಕಿದರಾಯಿತು, ಕೊಲೆಗೆ ಕಾರಣವೇ ಬೇಕಿಲ್ಲ. ನಿಮ್ಮ ಆಟ ನಿಂತಿರುವುದೇ ಕಾರಣದ ಮೇಲೆ.

ಪ್ರಶ್ನೆ: ಕೊಲೆಗಾರನಿಗೆ ಮೊದಲೇ ಹೇಳಬೇಕೇ? ಸಂಜೆಯನ್ನು ನಡೆಸುವುದು ಹೇಗೆ?

ಉತ್ತರ: ಹೊಸಬರಾದರೆ ಮೊದಲೇ, ಗುಟ್ಟಾಗಿ ಹೇಳಿ. ಸುಳ್ಳು ಹೇಳುವ ಹಕ್ಕು ಅವನೊಬ್ಬನಿಗೇ. ಉಳಿದವರು ಮುಚ್ಚಿಡಬಹುದು, ನೇರವಾಗಿ ಕೇಳಿದರೆ ನಿಜ ಹೇಳಬೇಕು. ಸಂಕೋಚದವರಿಗೆ ಈ ಪಾತ್ರ ಕೊಡಬೇಡಿ.

ಪಾತ್ರದ ಹಾಳೆ ಅರ್ಧ ಪುಟ ಮೀರದಿರಲಿ. ಉದ್ದವಾದರೆ ಓದಿಕೊಂಡು ಬರುವುದಿಲ್ಲ. ಮೂರು ಸುತ್ತು, ಒಂದೊಂದು 25 ನಿಮಿಷ. ಪ್ರತಿ ಸುತ್ತಿನ ಸುಳಿವುಗಳನ್ನು ಬೇರೆ ಬೇರೆ ಕವರಿನಲ್ಲಿಟ್ಟು ಮೇಲೆ ಸಂಖ್ಯೆ ಬರೆಯಿರಿ. ಚೆಕ್‌ರೋಲ್ ಪುಟ ಮೂರನೆಯ ಕವರಿನಲ್ಲೇ ಇರಲಿ. ಮೊದಲ ಸುತ್ತಿನಲ್ಲೇ ಹೊರಬಿದ್ದರೆ ಆಟ ಅರ್ಧ ಗಂಟೆಗೆ ಮುಗಿಯುತ್ತದೆ. ಊಟ ಎರಡನೆಯ ಸುತ್ತಿನ ಮೇಲೆ, ಬಡಿಸಲು ಸುಲಭವಾದ ಪಲಾವ್‌ನಂಥದ್ದು. ನೀವು ಆಡಿಸುವವರು, ಒಲೆ ಮುಂದೆ ಸಿಕ್ಕಿಕೊಳ್ಳಬೇಡಿ.

ಕೊನೆಗಳಿಗೆಯಲ್ಲಿ ಒಬ್ಬರು ಬಾರದೆ ಹೋಗುವುದು ಸಾಮಾನ್ಯ. ಎರಡು ಪಾತ್ರಗಳನ್ನು ಬಿಡಬಹುದಾದಂತೆ ಬರೆದು, ಅವರ ಸುಳಿವನ್ನು ಕಾಗದದ ಹೇಳಿಕೆಯಾಗಿಯೂ ಸಿದ್ಧವಿಡಿ.

ತೀರ್ಪನ್ನು ಬಾಯಲ್ಲಿ ಕೇಳಬೇಡಿ, ಜೋರು ದನಿಯವರ ಹಿಂದೆ ಎಲ್ಲರೂ ಹೋಗುತ್ತಾರೆ. ಯಾರು, ಯಾಕೆ, ಹೇಗೆ ಎಂದು ಒಬ್ಬೊಬ್ಬರೂ ಚೀಟಿಯಲ್ಲಿ ಬರೆದುಕೊಟ್ಟ ಮೇಲಷ್ಟೇ ನಿಮ್ಮ ಆ ಒಂದು ಪುಟವನ್ನು ಓದಿ.