ಈ ಚಳಿಗಾಲ ಟಿಕೆಟ್ ಬುಕ್ ಮಾಡಬೇಡ

ತಮ್ಮಾ,

ಮ್ಯೂನಿಕ್‌ಗೆ ಬಂದು ಮೂರು ತಿಂಗಳಾಯ್ತು, ಇಲ್ಲಿನ ಜೀವನಕ್ಕೆ ಹೊಂದಿಕೊಳ್ಳೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೆರಡು ಸಾಲು: ಹೊರಡೋ ಮುಂಚೆ ದೂರವಾದ ಹಾಸನದ ಹುಡುಗಿ ಈಗ ಬೇರೆಯವನ ಜೊತೆ ಇದ್ದಾಳೆ, ಒಂದ್ಸಲ ಹೋಗಿ ಮಾತಾಡಿದ್ರೆ ವಾಪಸ್ ಬರ್ತಾಳಾ ಅಂತ. ನಿನ್ನನ್ನ ನಿದ್ದೆಗೆಡಿಸಿರೋದು ಆ ಎರಡು ಸಾಲೇ. ಅದಕ್ಕೇ ಮೊದಲು ಉತ್ತರ ಹೇಳ್ತೀನಿ.

ನಾನೂ ಹೀಗೇ ದೂರವಾದ ನನ್ನ ಹುಡುಗಿಯನ್ನ ನೋಡೋಕೆ ಊರಿಗೆ ಹೋಗಿದ್ದೆ. 2011ರ ಡಿಸೆಂಬರ್, ಇಲ್ಲಿ ನನ್ನ ಮೊದಲನೇ ಚಳಿಗಾಲ. ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ ಬೀದಿಯಲ್ಲಿ ನರಪಿಳ್ಳೆ ಇರ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದ್ರೆ ಊರಲ್ಲಿ ಬೆಳಗಿನ ಜಾವ ಮೂರೂವರೆ, ಯಾರನ್ನ ಎಬ್ಬಿಸೋದು? ಆ ಹೊತ್ತಲ್ಲಿ ಅವಳ ಹಳೇ ಮೆಸೇಜ್‌ಗಳನ್ನೇ ಓದ್ತಾ ಕೂರ್ತಿದ್ದೆ. ಅವಳೊಬ್ಬಳು ಸಿಕ್ಕಿಬಿಟ್ರೆ ಎಲ್ಲಾ ಸರಿಹೋಗುತ್ತೆ ಅನ್ನಿಸ್ತಿತ್ತು. ಸಾಲ ಮಾಡಿ ಟಿಕೆಟ್ ತೆಗೆದೆ.

ಹಾಸನದ ಮಹಾರಾಜ ಪಾರ್ಕಲ್ಲಿ ಸಿಕ್ಕಳು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ನೀನು ಬಂದಿರೋದು ನಾನು ಬೇಕು ಅಂತಲಾ, ಅಲ್ಲಿ ಇರೋಕಾಗ್ತಿಲ್ಲ ಅಂತಲಾ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅಮ್ಮನ ಆರೋಗ್ಯ ವಿಚಾರಿಸಿ, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದಳು.

ಹಾಸನಾಂಬೆ ಗುಡಿ ನೀನೂ ನೋಡಿದ್ದೀಯ. ದೀಪಾವಳಿ ಮುಗಿದು ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯೋವರೆಗೂ ಉರೀತಿರುತ್ತೆ, ಹೂವು ಬಾಡಿರಲ್ಲ ಅಂತ ನಂಬ್ತೀವಿ. ಊರು ಬಿಟ್ಟು ಬಂದ ನಾವು ಅಲ್ಲಿಯ ಮನುಷ್ಯರ ಬಗ್ಗೆಯೂ ಹಾಗೇ ಅಂದ್ಕೋತೀವಿ. ದೇವರ ಮಾತು ಬೇರೆ. ನೀನು ವೀಸಾ ಅಂತ ಓಡಾಡ್ತಿದ್ದ ತಿಂಗಳುಗಳನ್ನ ಅವಳೂ ದಿನಾ ಕಳೆದಿದ್ದಾಳೆ, ಅತ್ತಿದ್ದಾಳೆ, ಸುಧಾರಿಸಿಕೊಂಡಿದ್ದಾಳೆ. ಅವನು ಕಳ್ಳನಲ್ಲ ಕಣೋ, ನಿನ್ನ ಜಾಗಕ್ಕೆ ನುಗ್ಗಿಲ್ಲ.

ನಿನ್ನ ಪ್ರೀತಿ ಸುಳ್ಳು ಅಂತ ಹೇಳ್ತಿಲ್ಲ. ಈ ಕತ್ತಲಲ್ಲಿ ಕೂತು ಅದನ್ನ ಅಳೆದು ನೋಡಬೇಡ ಅಂತೀನಿ, ಅಷ್ಟೇ. ಫೆಬ್ರವರಿ ಪರೀಕ್ಷೆ ಬರೆ. ಕೋರ್ಸ್ ಬಿಟ್ರೆ ಓದೋಕೆ ಅಂತ ಕೊಟ್ಟಿರೋ ಪರ್ಮಿಟ್ಟೇ ಕೈತಪ್ಪಬಹುದು. ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ. ಆ ಬೆಳಕಲ್ಲೂ ಅವಳೇ ಬೇಕು ಅನ್ನಿಸಿದ್ರೆ ಒಂದು ಮೆಸೇಜ್ ಬರಿ, ಒಂದೇ ಒಂದು. ಅವನ ಬಗ್ಗೆ ಒಂದಕ್ಷರ ಬೇಡ, ನಿನ್ನ ತಪ್ಪೇನಿತ್ತೋ ಅದನ್ನ ಒಪ್ಕೋ. ಬೇಡ ಅಂದ್ರೆ, ಉತ್ತರವೇ ಬರದಿದ್ರೂ, ಮತ್ತೆ ಕಳಿಸಬೇಡ. ಗೆಳೆಯರ ಕೈಲಿ ಹೇಳಿಸೋದು, ಅವಳ ಸ್ಟೇಟಸ್ ನೋಡೋಕೆ ಹಚ್ಚೋದು ಇವತ್ತೇ ನಿಲ್ಲಿಸು. ಚಿಕ್ಕ ಊರು, ಮಾತು ಅವಳ ಮನೆಗೆ ಮುಟ್ಟಿದ್ರೆ ತೊಂದರೆ ಅವಳಿಗೆ.

ರೂಮು, ಬ್ಯಾಂಕು, ಕೆಲಸ ಎಲ್ಲಾ ಎದುರಿಗೇ ಕೂತು ಹೇಳ್ತೀನಿ. ಈ ಭಾನುವಾರ ಒಬ್ಬನೇ ಇರಬೇಡ, ಮನೆಗೆ ಬಾ. ನಿಮ್ಮ ಅತ್ತಿಗೆ ಅಕ್ಕಿ ರೊಟ್ಟಿ ಮಾಡ್ತಾಳೆ. ಹನ್ನೊಂದಕ್ಕೆ ಸ್ಟೇಷನ್ ಹೊರಗೆ ಕಾಯ್ತಿರ್ತೀನಿ.